ನೀರು ಬಿಟ್ಟೀನ್ರಿ

12 ಮೇ 2024, ಭಾನುವಾರ ರಾತ್ರಿ, ಹುಬ್ಬಳ್ಳಿ

ಮಂಗಳವಾರ ವೋಟು ಹಾಕಲು ಊರಿಗೆ ಹೋದವನು ಬಸವ ಜಯಂತಿ ಮುಗಿಸಿಕೊಂಡು ಈಗ ಬಂದೆ. ಉಗುರಿನ ಬುಡದಲ್ಲಿ ಶಾಯಿ ಇನ್ನೂ ಹಾಗೇ ಇದೆ. ಗದಗ ತಾಲ್ಲೂಕಿನ ಊರು. ಹೆಸರು ಬರೆಯುವುದಿಲ್ಲ. ಬರೆದರೆ, ಪಂಚಾಯ್ತಿ ಮೆಂಬರ್ ಆಗಿರುವ ಸೋದರಮಾವ ಮುಂದಿನ ಸಲ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಈ ಸಲ ಹೋಗುವ ಮೊದಲೇ ಒಂದು ಕೆಲಸ ಕಾದಿತ್ತು. ಅಧ್ಯಕ್ಷರಿಗೆ ಪಂಚಾಯ್ತಿಗೊಂದು ವೆಬ್‌ಸೈಟ್ ಬೇಕಂತೆ. "ಚೊಲೋ ಕಾಣಬೇಕ್ರಿ, ಎಲ್ಲಾ ಮೆಂಬರ್ ಫೋಟೋ ಬರಬೇಕು" ಅಂದರು. ನಾನು ಹೊಟ್ಟೆಪಾಡಿಗೆ ಮಾಡುವುದೇ ವೆಬ್‌ಸೈಟ್. ಖಾನಾವಳಿ, ಕಲ್ಯಾಣ ಮಂಟಪ, ಒಂದೆರಡು ಕೋಚಿಂಗ್ ಕ್ಲಾಸು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಚುನಾವಣೆಯ ನೀತಿ ಸಂಹಿತೆ ಮುಗಿಯುವ ತನಕ ಹೊಸದೇನೂ ಶುರು ಮಾಡೋ ಹಾಗಿಲ್ಲ ಅಂತ ಪಂಚಾಯ್ತಿಯ ಅಧಿಕಾರಿ ಪಿಡಿಒ ಹೇಳಿದರು. ಸರಿ, ಸುಮ್ನೆ ನೋಡಿಯಾದರೂ ಬರೋಣ ಅಂತ ಗುರುವಾರ ಆಫೀಸಿಗೆ ಹೋದೆ.

ಅಲ್ಲಿ ಕಂಪ್ಯೂಟರ್ ಕೆಲಸಕ್ಕೇನೂ ಬರಗಾಲವಿಲ್ಲ. ಡಾಟಾ ಎಂಟ್ರಿ ಆಪರೇಟರ್ ಬೆರಳು ಮಡಚುತ್ತಾ ಲೆಕ್ಕ ಕೊಟ್ಟ. ತೆರಿಗೆ, ಜಮಾ ಖರ್ಚಿಗೆ ಪಂಚತಂತ್ರ ಅನ್ನುವ ಸಾಫ್ಟ್‌ವೇರ್. ಮನೆ ಜಾಗದ ದಾಖಲೆಗಳಾದ ನಮೂನೆ 9, 11ಕ್ಕೆ ಇ-ಸ್ವತ್ತು. ವರ್ಷದ ಯೋಜನೆಗೆ, 15ನೇ ಹಣಕಾಸು ಆಯೋಗದ ದುಡ್ಡಿಗೆ ಇ-ಗ್ರಾಮ್ ಸ್ವರಾಜ್. ಅರ್ಜಿಗಳಿಗೆ ಬಾಪೂಜಿ ಸೇವಾ ಕೇಂದ್ರ. ಐದನೇ ಬೆರಳಿಗೆ ನರೇಗಾ. ಇಷ್ಟಕ್ಕೂ ಇರುವುದು ಒಂದೇ ಕಂಪ್ಯೂಟರು, ಅವನೊಬ್ಬನೇ ಹುಡುಗ. ನಾನು ಆರನೇದು ತಂದು ಕೊಡಲು ಹೋಗಿದ್ದೆ. ಅವನ ಮುಖ ನೋಡಿ ಆ ವಿಷಯ ಎತ್ತಲೇ ಇಲ್ಲ.

ಅಲ್ಲಿಂದ ಕೆರೆ ಕಡೆ ನಡೆದೆ. ನರೇಗಾದಲ್ಲಿ ಹೂಳು ಎತ್ತುವ ಕೆಲಸ ನಡೆದಿತ್ತು. ಕಳೆದ ವರ್ಷದ ಬರ ಗೊತ್ತಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಕೆರೆಯ ತಳ ಹಪ್ಪಳದ ಹಾಗೆ ಒಡೆದಿದೆ. 2024ರ ಏಪ್ರಿಲ್‌ನಿಂದ ದಿನದ ಕೂಲಿ 316ರಿಂದ 349 ರೂಪಾಯಿ ಆಗಿತ್ತು, ಹಾಗಾಗಿ ಜನ ಜಾಸ್ತಿ ಬಂದಿದ್ದರು. ಅವರ ಹಾಜರಿಯನ್ನು ಫೋನಿನ ಆ್ಯಪಿನಲ್ಲೇ ಹಾಕಬೇಕು. 2023ರ ಜನವರಿ 1ರಿಂದ ಅದು ಕಡ್ಡಾಯ. ದಿನಕ್ಕೆ ಎರಡು ಸಲ ಫೋಟೋ. ಕಾಯಕ ಬಂಧು, ಅಂದರೆ ಕೂಲಿಕಾರರ ಮೇಲುಸ್ತುವಾರಿ ಆಗಿರುವ ಹೆಂಗಸು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಳು. ಆಮೇಲೆ ಏರಿ ಹತ್ತಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಫೋನನ್ನು ಆಕಾಶಕ್ಕೆ ಹಿಡಿದು ನಿಂತಳು. ನೆಟ್‌ವರ್ಕ್ ಎರಡು ಕಡ್ಡಿ ತೋರಿಸುತ್ತದೆ, ಮಾಯವಾಗುತ್ತದೆ. ಹತ್ತು ನಿಮಿಷ ಹಾಗೇ ನಿಂತಿದ್ದಳು.

"ಫೋಟೋ ಯಾರು ನೋಡ್ತಾರವ್ವಾ?" ಅಂದೆ.

"ಮ್ಯಾಲಿನವ್ರು."

ಪಂಚಾಯ್ತಿಯಲ್ಲಿರುವ ಅಷ್ಟೂ ಸಾಫ್ಟ್‌ವೇರಿಗೆ ಇದೇ ಉತ್ತರ. ಊರಿನಿಂದ ಮಾಹಿತಿ ಗದಗಕ್ಕೆ, ಬೆಂಗಳೂರಿಗೆ, ದೆಹಲಿಗೆ ಹತ್ತುತ್ತಲೇ ಇರುತ್ತದೆ. ಇ-ಗ್ರಾಮ್ ಸ್ವರಾಜ್ ಅನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಅದೇನೋ ನಿಜ. ರಾತ್ರಿ ಮಾವನಿಗೆ ನಮ್ಮ ಪಂಚಾಯ್ತಿಯ ಪುಟ ತೆಗೆದು ತೋರಿಸಿದೆ. ಚಾಳೀಸು ಏರಿಸಿಕೊಂಡು, ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ, "ಇದು ನಮ್ಮೂರಿಂದೇ ಏನಲೇ?" ಅಂದ. ಮೆಂಬರ್ ಆಗಿ ಮೂರು ವರ್ಷ ದಾಟಿದೆ, ಮೊದಲ ಸಲ ನೋಡಿದ್ದಂತೆ. 15ನೇ ಹಣಕಾಸಿನ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು ಅನ್ನೋದು ಮಾತ್ರ ಅವನಿಗೆ ಬಾಯಿಪಾಠ.

ಊರ ಕಡೆಗೆ ಮುಖ ಮಾಡಿರುವುದು ಒಂದೇ ಒಂದು. ವಾಟರ್‌ಮ್ಯಾನ್ ನಡೆಸುವ ವಾಟ್ಸಾಪ್ ಗ್ರೂಪು. ಸರಿಯಾಗಿ ಹೇಳಬೇಕೆಂದರೆ ಎರಡು ಗ್ರೂಪು. ಒಂದು ಗ್ರೂಪಿಗೆ 256 ಜನ ಮಾತ್ರ ಅಂತಿದ್ದ ಕಾಲದಲ್ಲಿ ಮಾಡಿದ್ದು, ಈಗ 1,024 ಜನ ಹಿಡಿಸಿದರೂ ಒಂದು ಮಾಡುವ ಗೋಜಿಗೆ ಯಾರೂ ಹೋಗಿಲ್ಲ. ಎರಡನೇ ಗ್ರೂಪಿನವರಿಗೆ ಸುದ್ದಿ ಯಾವಾಗಲೂ ಹತ್ತು ನಿಮಿಷ ತಡ. ಅಲ್ಲಿರುವ ಅತ್ತೆಗೆ ಈ ಸಿಟ್ಟು ಇದ್ದೇ ಇದೆ. ಅವಳಿಗೆ ಓದಲು ಬರುವುದಿಲ್ಲ. ವಾಟರ್‌ಮ್ಯಾನ್ ಟೈಪ್ ಮಾಡುವುದೂ ಇಲ್ಲ, ಧ್ವನಿ ಕಳಿಸುತ್ತಾನೆ. "ಮ್ಯಾಲಿನ ಓಣಿಗೆ ನೀರು ಬಿಟ್ಟೀನ್ರಿ, ಏಳೂವರೆ ಮಟ." ಹಿಂದೆ ವಾಲ್ವ್ ತಿರುಗಿಸುವ ಕಿರ್ ಕಿರ್ ಸದ್ದೂ ಕೇಳುತ್ತದೆ. ಅತ್ತೆ ಫೋನನ್ನು ಕಿವಿಗೆ ಒತ್ತಿ ಕೇಳಿ, ಮಾತು ಮುಗಿಯುವ ಮೊದಲೇ ಕೊಡ ಎತ್ತುತ್ತಾಳೆ. ಯಾವ ವೆಬ್‌ಸೈಟ್ ಇಷ್ಟು ಬೇಗ ಕೆಲಸ ಮಾಡೀತು ಹೇಳಿ.

ನನಗೆ ಹುಬ್ಬಳ್ಳಿಯ ಹಳೇ ದಿನ ನೆನಪಾಯಿತು. 2012ರ ಹೊತ್ತಿಗೆ ಇಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಕೆಲವೇ ವಾರ್ಡುಗಳಿಗೆ 24 ತಾಸು ನೀರು ಬರುತ್ತಿತ್ತು. ಉಳಿದವರು ನಾಲ್ಕೈದು ದಿನಕ್ಕೊಮ್ಮೆ ಬರುವ ನೀರಿಗೆ ನಡುರಾತ್ರಿಯಲ್ಲೂ ಎದ್ದು ಕೂರುತ್ತಿದ್ದೆವು. ಆಗ ಅಮೆರಿಕದ ಬರ್ಕ್ಲಿಯ ವಿದ್ಯಾರ್ಥಿಗಳು ಶುರು ಮಾಡಿದ ನೆಕ್ಸ್ಟ್‌ಡ್ರಾಪ್ ಅನ್ನುವ ಕಂಪನಿ ಎಸ್‌ಎಂಎಸ್ ಕಳಿಸುತ್ತಿತ್ತು, ನಿಮ್ಮ ಏರಿಯಾಕ್ಕೆ ಇನ್ನು ಅರ್ಧ ಒಂದು ತಾಸಿನಲ್ಲಿ ನೀರು ಅಂತ. ಪೈಪಿನೊಳಗೆ ಯಂತ್ರಗಿಂತ್ರ ಏನೂ ಇಟ್ಟಿರಲಿಲ್ಲ. ವಾಲ್ವ್‌ಮನ್ ವಾಲ್ವ್ ತಿರುಗಿಸಿ ಒಂದು ನಂಬರಿಗೆ ಫೋನ್ ಮಾಡುತ್ತಿದ್ದ, ಅಷ್ಟೇ. ನಮ್ಮೂರಿನ ಈ ಮನುಷ್ಯ ಯಾರ ಹತ್ತಿರವೂ ಕಲಿಯದೆ ಅದನ್ನೇ ಮಾಡುತ್ತಿದ್ದಾನೆ.

ಆದರೆ ಮಾರ್ಚ್‌ನಿಂದ ಗ್ರೂಪಿಗೆ ಬೀಗ ಬಿದ್ದಿದೆ. ಯಾರೋ ಖಾಲಿ ಟ್ಯಾಂಕಿನ ವಿಡಿಯೋ ಹಾಕಿದರು, ಯಾರೋ ಮೆಂಬರ್‌ಗೆ ಏನೋ ಅಂದರು, ಪೊಲೀಸ್ ಸ್ಟೇಷನ್ ಮಾತು ಬಂತು. ಅಡ್ಮಿನ್ ಮಾತ್ರ ಬರೆಯಬಹುದು ಅಂತ ಸೆಟ್ಟಿಂಗ್ ಬದಲಿಸಿಬಿಟ್ಟರು. ಬದಲಿಸಿದವನು ನನ್ನ ಮಾವನೇ. ಆಮೇಲೆ ಪಂಚಾಯ್ತಿಯಿಂದ ಒಂದು ಗ್ರಾಮಸಭೆಯ ನೋಟಿಸ್ ಬಂದಿದೆ, ಅತ್ತೆಯ ಫೋನಿನಲ್ಲಿ ನೋಡಿ ನಗು ತಡೆಯಲಾಗಲಿಲ್ಲ. ಕನ್ನಡ ಟೈಪ್ ಮಾಡುವ ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿ ಬರೆದದ್ದನ್ನು ಹಾಗೇ ಎತ್ತಿ ಹಾಕಿದ್ದಾರೆ. ಕನ್ನಡ ಹೋಗಿ ಟೊಪ್ಪಿಗೆ ಹಾಕಿದ ಎ, ಬಾಲ ಬಿಟ್ಟ ಸಿ ಬಂದು ಕೂತಿವೆ. ಫೋನುಗಳು ಓದುವ ಯೂನಿಕೋಡ್ ಅಕ್ಷರಕ್ಕೆ ಬದಲಿಸದೆ ಕಳಿಸಿದರೆ ಇದೇ ಗತಿ. ವರ್ಷಕ್ಕೆ ಎರಡು ಸಲವಾದರೂ ಸೇರಲೇಬೇಕಾದ ಸಭೆಯ ತಾರೀಖು ಆ ಟೊಪ್ಪಿಗೆಗಳ ನಡುವೆ ಎಲ್ಲೋ ಇತ್ತು. "ಓದಾಕ ಬರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರಾ?" ಅಂತ ಆಪರೇಟರನ್ನು ಕೇಳಿದೆ. ಹೇಗೆ ಹೇಳ್ತಾರೆ, ಗ್ರೂಪ್ ಬಂದ್ ಇದೆಯಲ್ಲ!

ಇವತ್ತು ಬೆಳಿಗ್ಗೆ ಅಧ್ಯಕ್ಷರ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಹೇಳಿಯೇಬಿಟ್ಟೆ, ವೆಬ್‌ಸೈಟ್ ಆಮೇಲೆ ನೋಡೋಣ, ಮೊದಲು ಗ್ರೂಪ್ ತೆಗೀರಿ ಅಂತ. ಮಾವ ನನ್ನನ್ನು ನುಂಗುವ ಹಾಗೆ ನೋಡಿದ. "ಬರೇ ಬೈತಾರ್ರಿ" ಅಂದರು ಅಧ್ಯಕ್ಷರು. ಬೈಗುಳ ನನಗೂ ಇಷ್ಟವಿಲ್ಲ. ಆದರೆ ಗ್ರೂಪಿನಲ್ಲಿ ಬೈದವನ ಹೆಸರಾದರೂ ಗೊತ್ತಿರುತ್ತದೆ, ಚಹಾದಂಗಡಿಯಲ್ಲಿ ಬೈದವನದು ಗೊತ್ತಾಗುವುದಿಲ್ಲ, ಅಲ್ವಾ? ಇಷ್ಟು ಜಾಣ ಮಾತು ಅಲ್ಲಿ ಬಾಯಿಗೆ ಬರಲಿಲ್ಲ, ಈಗ ಬರೆಯುವಾಗ ಬರುತ್ತಿದೆ. ಕೊನೆಗೆ ಜಗ್ಗಾಡಿ ಒಪ್ಪಿದ್ದು ಇಷ್ಟು: ದಿನಾ ಸಂಜೆ ಆರರಿಂದ ಏಳು, ಒಂದು ತಾಸು ಮಾತ್ರ.

ಆರಕ್ಕೆ ನಾನು ಗದಗದಿಂದ ಬಸ್ ಹತ್ತಿದ್ದೆ. ಅತ್ತೆ ಹಟ ಹಿಡಿದು ನನ್ನನ್ನೂ ಎರಡನೇ ಗ್ರೂಪಿಗೇ ಸೇರಿಸಿದ್ದಳು. ಅಣ್ಣಿಗೇರಿ ಹತ್ತಿರ ಬಂದಾಗ ಫೋನ್ ಟಿಣ್ ಅಂತು. ಗುಲಾಬಿ ಹೂವಿನ ಜತೆ ಶುಭ ಸಂಜೆ. ಅದರ ಹಿಂದೆ ಇನ್ನೊಂದು ಗುಲಾಬಿ. ಆಮೇಲೆ ಕಿವಿ ಕತ್ತರಿಸಿದ ಒಂದು ಕರೀ ಆಡಿನ ಫೋಟೋ, ಕಂಡವರು ತಿಳಿಸಿ ಅಂತ. ಏಳಕ್ಕೆ ಇನ್ನೂ ಎರಡು ನಿಮಿಷ ಇದ್ದಾಗ ಒಂದು ಧ್ವನಿ ಬಂತು. ಹೆಡ್‌ಫೋನ್ ಇರಲಿಲ್ಲ, ಫೋನನ್ನು ಅತ್ತೆಯ ಹಾಗೇ ಕಿವಿಗೆ ಒತ್ತಿಕೊಂಡೆ. ಅವಳದೇ ದನಿ. "ನಮಗ್ಯಾಕ ಹತ್ತು ನಿಮಿಷ ತಡ ಹೇಳ್ತೀರಿ?"