ತೆರಿಗೆ ಬೇಡ ಅಂದವರೇ ತೆರಿಗೆ ಹಾಕಿದ ಕತೆ

ಅಮೆರಿಕ ಹುಟ್ಟಿದ ಕತೆ ಹೇಳುವವರು ಸಾಮಾನ್ಯವಾಗಿ 1776ರ ಜುಲೈ 4ಕ್ಕೆ ಬಂದು ನಿಂತುಬಿಡುತ್ತಾರೆ. ಅಲ್ಲಿಂದ ಸೀದಾ ವಾಷಿಂಗ್ಟನ್ ಅಧ್ಯಕ್ಷ ಆಗಿದ್ದಕ್ಕೆ ಹಾರುತ್ತಾರೆ. ನನಗೆ ಮಾತ್ರ ನಡುವಿನ ಆ ವರ್ಷಗಳ ಫಜೀತಿಯೇ ಜಾಸ್ತಿ ಇಷ್ಟ.

ಆಳುತ್ತಿದ್ದ ಬ್ರಿಟನ್ ಜೊತೆ ಜಗಳ ಶುರುವಾಗಿದ್ದು ತೆರಿಗೆಯಿಂದ ಅಲ್ವಾ? ಆದರೆ ತೆರಿಗೆ ಎಷ್ಟು ಅನ್ನುವುದಕ್ಕಿಂತ ಹಾಕೋರು ಯಾರು ಅನ್ನುವುದೇ ದೊಡ್ಡ ವಿಷಯವಾಗಿತ್ತು. ವರ್ಜೀನಿಯಾದಲ್ಲಿ 1619ರಿಂದಲೇ ಜನ ತಮ್ಮದೇ ಸಭೆ ಸೇರಿಸಿ ತೀರ್ಮಾನ ಮಾಡುತ್ತಿದ್ದರು. (ಅದೇ ವರ್ಷ ಅದೇ ವರ್ಜೀನಿಯಾಕ್ಕೆ ಆಫ್ರಿಕಾದಿಂದ ಹಿಡಿದು ತಂದವರನ್ನೂ ಇಳಿಸಿದರು, ಅವರನ್ನು ಯಾರೂ ಯಾವ ಸಭೆಗೂ ಕರೆಯಲಿಲ್ಲ.) 1773ರಲ್ಲಿ ಬಾಸ್ಟನ್ನಿನವರು 300ಕ್ಕೂ ಹೆಚ್ಚು ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರಲ್ಲ, ಹೊಸ ಕಾನೂನಿನಿಂದ ಆ ಚಹಾ ಅಗ್ಗವೇ ಆಗಿತ್ತು! ನಮ್ಮ ಪ್ರತಿನಿಧಿ ಒಬ್ಬನೂ ಇಲ್ಲದ ಬ್ರಿಟನ್ನಿನ ಪಾರ್ಲಿಮೆಂಟು ನಮ್ಮ ಜೇಬಿಗೆ ಯಾಕೆ ಕೈ ಹಾಕಬೇಕು ಅನ್ನುವುದು ಅವರ ಸಿಟ್ಟು.

ಹೀಗೆ ಕೈ ಸುಟ್ಟುಕೊಂಡವರು ತಮ್ಮ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವನ್ನೇ ಕೊಡಲಿಲ್ಲ. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನಲ್ಲಿ ಕಾಂಗ್ರೆಸ್ಸು (ಅಂದರೆ ಎಲ್ಲ ರಾಜ್ಯಗಳ ಪ್ರತಿನಿಧಿಗಳ ಸಭೆ, ಆಗಿನ ದೇಶದ ಸರ್ಕಾರ) ರಾಜ್ಯಗಳ ಹತ್ತಿರ ದುಡ್ಡು ಕೇಳಬಹುದು, ಅಷ್ಟೇ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮದಿನ ಮೇಲೆ ಶೇಕಡಾ 5 ಸುಂಕ ಹಾಕೋಣ ಅಂತ ಹೊರಟರೆ, ಇಂಥದ್ದಕ್ಕೆ 13 ರಾಜ್ಯಗಳೂ ಒಪ್ಪಬೇಕಿತ್ತು, 1782ರಲ್ಲಿ ಪುಟಾಣಿ ರೋಡ್ ಐಲೆಂಡ್ ಒಲ್ಲೆ ಅಂದಿದ್ದೇ ತಡ ಕತೆ ಮುಗಿಯಿತು.

1783ರ ಜೂನಿನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸು ಕೂತಿದ್ದ ಕಟ್ಟಡಕ್ಕೇ ಮುತ್ತಿಗೆ ಹಾಕಿದರು. ಸ್ವಾತಂತ್ರ್ಯದ ಘೋಷಣೆ ಮಾಡಿದ ಅದೇ ಕಟ್ಟಡ. ಕಾಪಾಡಿ ಅಂದರೆ ಆ ಊರಿರುವ ಪೆನ್ಸಿಲ್ವೇನಿಯಾ ರಾಜ್ಯದವರು ತಮ್ಮ ಪಡೆ ಕಳಿಸಲಿಲ್ಲ. ಕೊನೆಗೆ ದೇಶದ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಪ್ರಿನ್ಸ್‌ಟನ್‌ಗೆ ಹೋಯಿತು.

ಇನ್ನು ಮ್ಯಾಸಚೂಸೆಟ್ಸ್. ಅಲ್ಲಿ ರಾಜ್ಯ ಸರ್ಕಾರ ಬ್ರಿಟನ್ ಜೊತೆಗಿನ ಯುದ್ಧದ ಸಾಲ ತೀರಿಸೋಕೆ ರೈತರ ಮೇಲೆ ತೆರಿಗೆ ಹೇರಿತು, ಅದೂ ನಾಣ್ಯದಲ್ಲೇ ಕಟ್ಟಬೇಕು. ನಾಣ್ಯ ಎಲ್ಲಿಂದ ಬರಬೇಕು? ಯುದ್ಧ ಮಾಡಿ ಬಂದವರ ಕೈಯಲ್ಲಿ ಇದ್ದದ್ದು ಸಂಬಳ ಆಮೇಲೆ ಕೊಡುತ್ತೇವೆ ಅಂತ ಸರ್ಕಾರ ಬರೆದುಕೊಟ್ಟ ಚೀಟಿ, ಎಷ್ಟೋ ಜನ ಅದನ್ನೂ ಸಿಕ್ಕಷ್ಟಕ್ಕೆ ಮಾರಿಕೊಂಡಿದ್ದರು. ಜಮೀನು ಜಪ್ತಿ ಆಗತೊಡಗಿದಾಗ ಡೇನಿಯಲ್ ಶೇಸ್ ಅನ್ನುವ ಮಾಜಿ ಕ್ಯಾಪ್ಟನ್ ಮತ್ತು ಅವನಂಥ ನೂರಾರು ಜನ ಕೋರ್ಟುಗಳ ಬಾಗಿಲಿಗೆ ಅಡ್ಡ ನಿಂತರು, ಕೋರ್ಟು ನಡೆಯದಿದ್ದರೆ ಜಪ್ತಿಯೂ ಇಲ್ಲ ಅನ್ನುವ ಲೆಕ್ಕ. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಆಯುಧಾಗಾರದ ಮುಂದೆ ಫಿರಂಗಿ ಹಾರಿ ಅವರಲ್ಲಿ ನಾಲ್ವರು ಸತ್ತರು. ಈ ದಂಗೆ ಅಡಗಿಸಲು ಕಾಂಗ್ರೆಸ್ಸಿನ ಹತ್ತಿರ ಕಾಸಿರಲಿಲ್ಲ. ಬಾಸ್ಟನ್ನಿನ ವ್ಯಾಪಾರಿಗಳು ಚಂದಾ ಎತ್ತಿ ಸೈನ್ಯ ಕಟ್ಟಿಸಿದರು.

ದುಡ್ಡಿರುವವರಿಗೆ ನಿಜಕ್ಕೂ ಭಯ ಹುಟ್ಟಿದ್ದು ಆಗ. ಆ ಬೇಸಿಗೆ ಫಿಲಡೆಲ್ಫಿಯಾದ ಅದೇ ಕಟ್ಟಡದಲ್ಲಿ ಒಟ್ಟು 55 ಜನ ಸೇರಿದರು. ಸುಡುವ ಸೆಕೆ, ಆದರೂ ಮಾತು ಹೊರಗೆ ಹೋಗಬಾರದು ಅಂತ ಕಿಟಕಿ ಮುಚ್ಚಿ ಬಾಗಿಲಿಗೆ ಕಾವಲು ಹಾಕಿದ್ದರು. ಬಂದಿದ್ದು ಹಳೇ ಕರಾರು ತಿದ್ದೋಕೆ, ಬರೆದಿದ್ದು ಹೊಸ ಸಂವಿಧಾನ. ಅದರಲ್ಲಿ ಕಾಂಗ್ರೆಸ್ಸಿಗೆ ಕೊಟ್ಟ ಅಧಿಕಾರಗಳ ಪಟ್ಟಿ ನೋಡಿ, ಮೊಟ್ಟಮೊದಲು ಇರುವುದೇ ತೆರಿಗೆ! ಜನಸಂಖ್ಯೆ ಲೆಕ್ಕ ಹಾಕುವಾಗ ಗುಲಾಮರ ಪ್ರತಿ ಐವರನ್ನು ಮೂವರಂತೆ ಎಣಿಸುವ ಆ ಕೆಟ್ಟ ಲೆಕ್ಕವೂ ಅಲ್ಲೇ ಬಂತು, ದಕ್ಷಿಣದ ಯಜಮಾನರಿಗೆ ಕಾಂಗ್ರೆಸ್ಸಿನಲ್ಲಿ ಜಾಸ್ತಿ ಸೀಟು ಸಿಗಲಿ ಅಂತ.

ರೋಡ್ ಐಲೆಂಡ್ ಆ ಸಭೆಗೆ ಯಾರನ್ನೂ ಕಳಿಸಿರಲಿಲ್ಲ, 1790ರಲ್ಲಿ ಎಲ್ಲರಿಗಿಂತ ಕೊನೆಗೆ ಸಂವಿಧಾನಕ್ಕೆ ಒಪ್ಪಿತು. ಮರುವರ್ಷವೇ ಹೊಸ ಸರ್ಕಾರ ವಿಸ್ಕಿ ಮೇಲೆ ತೆರಿಗೆ ಹಾಕಿತು. 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದಾಗ ವಾಷಿಂಗ್ಟನ್ ಸುಮಾರು 13,000 ಜನರ ಪಡೆಯ ಜೊತೆ ತಾನೇ ಕುದುರೆ ಏರಿ ಹೊರಟ. ಈ ಸಲ ಯಾರೂ ಚಂದಾ ಎತ್ತಬೇಕಾಗಿ ಬರಲಿಲ್ಲ.