ಅಪ್ಪನ ಕಾಲುಗುರು

ಇವತ್ತು ಬೆಳಿಗ್ಗೆ ಅಪ್ಪನ ಕಾಲುಗುರು ಕತ್ತರಿಸಲು ಕೂತೆ.

ಬಿಸಿನೀರಿನ ಟಬ್‌ನಲ್ಲಿ ಅರ್ಧ ಗಂಟೆ ನೆನೆಸಿದರೂ ಹೆಬ್ಬೆರಳ ಉಗುರು ಮೆತ್ತಗಾಗಲಿಲ್ಲ. ಹಳದಿಗಟ್ಟಿದೆ, ಕೊಂಬಿನ ಹಾಗೆ ದಪ್ಪ. ನೇಲ್ ಕಟರ್ ಬಾಯಿಗೆ ಹಿಡಿಯುವುದೇ ಇಲ್ಲ. ಅಂಚಿನಿಂದ ಚೂರು ಚೂರೇ ತೆಗೆದೆ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ.

ಆಗ ಸುಮ್ನೆ ಒಂದು ಯೋಚನೆ ಬಂತು. ಯೇಸುವಿಗೂ ಉಗುರು ಬೆಳೆದಿರಬೇಕು ಅಲ್ವಾ? ಮರಿಯಮ್ಮ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ತೆಗೆದಿರಬೇಕು.

ದೇವರ ವಾಕ್ಯವೇ ಮನುಷ್ಯನಾಗಿ ಬಂತು ಎನ್ನುವ ಬೈಬಲ್ ವಚನ ನೆನಪಾಯಿತು, ಯೋಹಾನನ ಸುವಾರ್ತೆ 1:14. ಅಜ್ಜಿ ಓದುತ್ತಿದ್ದ ಕನ್ನಡ ಬೈಬಲ್‌ನಲ್ಲಿ ಅಲ್ಲಿ 'ನರಾವತಾರ' ಅಂತ ಇದೆ. ಗ್ರೀಕ್ ಮೂಲದಲ್ಲಿ ಇರುವ ಪದ 'ಸಾರ್ಕ್ಸ್'. ಅಂದರೆ ಮಾಂಸ. ಬೆವರುವ, ದಣಿಯುವ, ಗಾಯವಾದರೆ ನೋಯುವ ಮಾಂಸ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು ಕ್ರಿ.ಶ. 451ರಲ್ಲಿ ಬಿಷಪರು ಸೇರಿದ್ದ ಕಾಲ್ಸೆಡನ್ ಸಭೆ ಹೇಳಿತು. ಇದನ್ನು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೂ ದೇವರು ಅಂದ ಕೂಡಲೇ ನನ್ನ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

ಸುಮಾರು ಮೂವತ್ತು ವರ್ಷ ಆಗುವ ತನಕ ಯೇಸುವಿಗೆ ನಜರೇತ್ ಊರಿನಲ್ಲಿ ಬಡಗಿ ಕೆಲಸ. ಆ ವರ್ಷಗಳ ಬಗ್ಗೆ ಸುವಾರ್ತೆಗಳು ಜಾಸ್ತಿ ಏನೂ ಹೇಳುವುದಿಲ್ಲ. ಪವಾಡ ಇಲ್ಲ, ಬೋಧನೆ ಇಲ್ಲ. ಎದ್ದು, ಉಂಡು, ಮರ ಕೆತ್ತಿ, ಅಮ್ಮನ ಜೊತೆ ಮನೆಯಲ್ಲಿ ಇದ್ದ ದಿನಗಳು. ನನಗೆ ಆ ದಿನಗಳ ಮೇಲೇ ಪ್ರೀತಿ ಜಾಸ್ತಿ.

"ಏನು ಮಗಾ, ನಿಂತುಬಿಟ್ಟೆ?" ಅಂದರು ಅಪ್ಪ. ಇನ್ನೊಂದು ಕಾಲನ್ನು ನೀರಿನಿಂದ ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು.