ಕುದುರೆಗೆ ಕಂಬಳಿ ಹೊದಿಸುವುದಿಲ್ವಾ?

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಶುರು. ಶಿರಸಿ ಪೇಟೆಯಲ್ಲಿ ಸಿಕ್ಕವರು, ಅಡಿಕೆ ಸುಲಿಯಲು ಬಂದವರು, ಬೆಂಗಳೂರಿನ ನೆಂಟರು, ಎಲ್ಲರೂ ಕೊಟ್ಟಿಗೆಗೆ ಇಣುಕಿ ಇದನ್ನೇ ಕೇಳುತ್ತಾರೆ. ಪಕ್ಕದ ಮನೆಯ ಅಜ್ಜಿ ಕೇಳುವುದೂ ಇಲ್ಲ, ನೇರ ಅಪ್ಪಣೆ: "ತಮಾ, ಅದ್ಕೊಂದು ಕಂಬಳಿ ಹೊದ್ಸೋ, ಪಾಪ ಚಳಿ ಆಗ್ತು."

ನಾನು ಹೊದಿಸುವುದಿಲ್ಲ. ಒಂದು ವರ್ಷ ಹೊದಿಸಿ ಕೆಟ್ಟಿದ್ದೇನೆ.

ನಮಗೆ ಚಳಿ ಆದಾಗ ಕುದುರೆಗೂ ಆಗುತ್ತದೆ ಅಂದುಕೊಳ್ಳುವುದೇ ತಪ್ಪು. ಮೈ ಒಣಗಿದ್ದು, ಹೊಟ್ಟೆ ತುಂಬ ಮೇವಿದ್ದರೆ, ಚಳಿಗಾಲದ ದಟ್ಟ ಕೂದಲು ಇಲ್ಲದ ಕುದುರೆ ಕೂಡ ಸುಮಾರು 5 ಡಿಗ್ರಿವರೆಗೆ ಆರಾಮಾಗಿರುತ್ತದೆ. ದಟ್ಟ ಕೂದಲು ಬೆಳೆಸಿಕೊಂಡ ಕುದುರೆಯಾದರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೂ ತಡೆಯುತ್ತದೆ. ಆ ಕೂದಲು ಬರುವುದು ಚಳಿ ನೋಡಿ ಅಲ್ಲ, ಹಗಲು ಗಿಡ್ಡವಾಗುವುದನ್ನು ನೋಡಿ. ಶಿರಸಿಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ, ಹಾಗಾಗಿ ನಮ್ಮ ಕುದುರೆಗೆ ಅಂಥ ಕೂದಲೇನೂ ಬರುವುದಿಲ್ಲ. ಬೇಡ ಬಿಡಿ. ನಮ್ಮ ಚಳಿ ಎಂದರೆ ಬೆಳಗಿನ ಜಾವ 13, 14 ಡಿಗ್ರಿ. 5 ಎಲ್ಲಿ, ಇದೆಲ್ಲಿ?

ಮೈ ಬಿಸಿ ಬರುವುದು ಹೊಟ್ಟೆಯಿಂದ. ಸೊಪ್ಪಿನ ಗೊಬ್ಬರದ ರಾಶಿಯೊಳಗೆ ಕೈ ಹಾಕಿ ನೋಡಿ, ಸುಡುತ್ತದೆ ಅಲ್ವಾ? ಕುದುರೆಯ ದೊಡ್ಡ ಕರುಳಿನಲ್ಲಿ ನಡೆಯುವುದೂ ಅದೇ ಕೆಲಸ. ಅಲ್ಲಿನ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸುವಾಗ ಬಿಸಿ ಹುಟ್ಟುತ್ತದೆ. ಅದಕ್ಕೇ ಚಳಿ ಜಾಸ್ತಿ ಇದ್ದ ರಾತ್ರಿ ನಾನು ಹುರುಳಿ ಹೆಚ್ಚಿಸುವುದಿಲ್ಲ, ಬೇಣದ ಕರಡ, ಅಂದರೆ ಗುಡ್ಡದ ಒಣ ಹುಲ್ಲು, ಇನ್ನೊಂದು ಹೊರೆ ಹಾಕುತ್ತೇನೆ. ಸುಮಾರು 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣ ಮೇವು ಬೇಕೇ ಬೇಕು. ಬೂಸ್ಟು ಹಿಡಿದದ್ದು ಮಾತ್ರ ಬೇಡ, ಕೆಮ್ಮು ಬರುತ್ತದೆ. ಕೊಟ್ಟಿಗೆಯಲ್ಲಿ ಹೊಗೆ ಹಾಕಿ ಬೆಚ್ಚಗೆ ಮಾಡು ಎನ್ನುವವರಿಗೂ ಇದೇ ಉತ್ತರ.

ಇನ್ನು ನಾನು ಕೆಟ್ಟ ಕಥೆ. ನಮ್ಮ ಕುದುರೆ ಇದ್ದಾಳಲ್ಲ, ಇವಳು ಮುರ್ಡೇಶ್ವರದ ಕಡಲತೀರದಲ್ಲಿ ಪ್ರವಾಸಿಗರನ್ನು ಹೊತ್ತು ಸುಸ್ತಾದವಳು. ಘಟ್ಟ ಹತ್ತಿಸಿ ತಂದ ಮೊದಲ ಚಳಿಗಾಲ. ಸೆಖೆಯ ಊರಿನವಳು ಅಂತ ಕನಿಕರಪಟ್ಟು ಒಳ್ಳೇ ಉಣ್ಣೆ ಕಂಬಳಿ ಹೊದಿಸಿ ಹಗ್ಗ ಬಿಗಿದೆ. (ವಿಜಯನಗರದ ಕಾಲದಲ್ಲಿ ಭಟ್ಕಳದಲ್ಲಿ ಇಳಿದ ಅರಬ್ಬಿ ಕುದುರೆಗಳೂ ಘಟ್ಟ ಹತ್ತಿಯೇ ಹೋದವು. ಅದು ಆಗ ನೆನಪಾಗಲಿಲ್ಲ.) ನಮ್ಮಲ್ಲಿ ಮಧ್ಯಾಹ್ನ 29, 30 ಡಿಗ್ರಿ. ಕೊಯ್ಲಿನ ಗಡಿಬಿಡಿಯಲ್ಲಿ ಕಂಬಳಿ ತೆಗೆಯಲು ಯಾರಿಗೂ ನೆನಪಿಲ್ಲ, ಹನ್ನೊಂದು ಗಂಟೆಗೆ ಬಂದು ನೋಡಿದರೆ ಅಡಿಯಲ್ಲಿ ಬೆವರು ಹರಿಯುತ್ತಿತ್ತು. ವಾರದಲ್ಲಿ ಹೆಗಲ ಕೂದಲು ಉಜ್ಜಿ ಹೋಯಿತು. ಆಮೇಲೊಂದು ರಾತ್ರಿ ಅಕಾಲ ಮಳೆ, ಕೊಟ್ಟಿಗೆಗೆ ಇರಚಲು. ಕಂಬಳಿ ನೀರು ಕುಡಿದು ಒಂದು ಮಣ ಆಗಿತ್ತು, ಅದರಡಿ ಅವಳು ಗಡಗಡ ನಡುಗುತ್ತಿದ್ದಳು. ಕಂಬಳಿಕೊಪ್ಪೆ ಹಾಕಿ ನಾವು ಮಳೆಯಲ್ಲಿ ಓಡಾಡಿಲ್ವಾ ಅಂತ ಅಜ್ಜಿಯ ವಾದ. ನಾವು ಮನೆಗೆ ಬಂದು ಅದನ್ನು ಒಲೆಯ ಮೇಲೆ ಒಣಹಾಕುತ್ತೇವಲ್ಲ!

ಕುದುರೆ ಚಳಿಗೆ ಕೂದಲು ನಿಮಿರಿಸುತ್ತದೆ, ಕೂದಲ ನಡುವೆ ಗಾಳಿ ನಿಂತು ಅದೇ ಹೊದಿಕೆ ಆಗುತ್ತದೆ. ಭಾರದ ಕಂಬಳಿ ಅದನ್ನು ಒತ್ತಿ ಹಾಕುತ್ತದೆ, ಮಳೆ ಅಂಟಿಸಿ ಬಿಡುತ್ತದೆ. ಮೈ ತೊಯ್ದರೆ 15 ಡಿಗ್ರಿಗೇ ಚಳಿ ಶುರುವಾಗಬಹುದು. ನಮ್ಮ ಡಿಸೆಂಬರ್ ರಾತ್ರಿ ಸರಿಯಾಗಿ ಅಲ್ಲೇ ಇದೆ ನೋಡಿ. ಅದಕ್ಕೆ ನಾನು ದುಡ್ಡು ಹಾಕಿದ್ದು ಕಂಬಳಿಗಲ್ಲ. ಮಾಡಿಗೆ ಎರಡು ತಗಡು, ಗಾಳಿ ಬರುವ ಕಡೆ ಅಡಿಕೆ ದಬ್ಬೆಯ ತಟ್ಟಿ, ಕಾಲಡಿಗೆ ದಪ್ಪ ಒಣ ಹುಲ್ಲು.

ಕಿವಿ ಮುಟ್ಟಿ ತಣ್ಣಗಿದೆ ಎಂದು ಹೆದರಬೇಡಿ, ಕಿವಿಯೊಂದನ್ನೇ ನಂಬಲು ಆಗುವುದಿಲ್ಲ. ಮುಂಗಾಲಿನ ಹಿಂದೆ, ಎದೆಯ ಪಕ್ಕ ಕೂದಲು ಸರಿಸಿ ಬೆರಳಿಡಿ. ಇಬ್ಬನಿಗೆ ಮೇಲ್ಕೂದಲು ಒದ್ದೆಯಾಗಿದ್ದರೂ ಚರ್ಮ ಒಣಗಿ ಬೆಚ್ಚಗಿದ್ದರೆ ಸುಮ್ನೆ ಬಿಡಿ. ನಡುಗುತ್ತಿದ್ದರೆ ಗೋಣಿಚೀಲದಿಂದ ಮೈ ಉಜ್ಜಿ ಒಣಗಿಸಿ, ಮೇವು ಹಾಕಿ. ಆಮೇಲೂ ನಿಲ್ಲದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ.

ಮರಿ, ಕಾಯಿಲೆ ಬಿದ್ದದ್ದು, ಕೂದಲು ಕತ್ತರಿಸಿದ್ದು, ಪಕ್ಕೆಲುಬು ಕಾಣುವ ಮುದಿ ಕುದುರೆ, ಇವಕ್ಕೆ ಹೊದಿಕೆ ಬೇಕಾಗಬಹುದು. ಇವಳಿಗೀಗ ಹದಿನಾರು. ಇನ್ನೈದಾರು ವರ್ಷಕ್ಕೆ ಹಲ್ಲು ಸವೆದು ಕರಡ ಅಗಿಯಲು ಆಗದಿದ್ದರೆ, ಮಳೆನೀರು ಒಳಗೆ ಬಿಡದ, ಬೆವರಿನ ಹಬೆ ಹೊರಗೆ ಬಿಡುವ ಹೊದಿಕೆ ಒಂದನ್ನು ತರಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಅದನ್ನು ತೆಗೆಯುವ ಕೆಲಸ ಅಜ್ಜಿಗೇ ವಹಿಸುವುದು ಅಂತಲೂ ಮಾತಾಗಿದೆ.